ಹಕ್ಕಿ ನೋಡಲು ಸೇರಿದೆ, ಹುಲ್ಲು ಎಣಿಸುತ್ತಿದ್ದೇನೆ

ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ಪರಿಸರ ಜೀವಶಾಸ್ತ್ರದ ಪದವಿಯಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ. ಚಿಕ್ಕಂದಿನಿಂದ ಹಕ್ಕಿಗಳೆಂದರೆ ಹುಚ್ಚು. ಅದಕ್ಕೇ ಈ ಕೋರ್ಸ್ ಸೇರಿದೆ. ಇಲ್ಲಿ ನೋಡಿದರೆ ಬರೀ ಸ್ಟ್ಯಾಟಿಸ್ಟಿಕ್ಸ್, ಮಣ್ಣಿನ ರಸಾಯನಶಾಸ್ತ್ರ, ಕಂಪ್ಯೂಟರ್ ಮುಂದೆ ‘ಆರ್’ (R) ಎಂಬ ಲೆಕ್ಕದ ತಂತ್ರಾಂಶ. ಫೀಲ್ಡ್ ವರ್ಕ್‌ಗೆ ಹೋದಾಗಲೂ ಮೂರು ದಿನ ನೆಲದ ಮೇಲೆ ಕ್ವಾಡ್ರಾಟ್ (ಎಣಿಸುವ ಜಾಗ ಗುರುತಿಸುವ ಚೌಕಟ್ಟು) ಇಟ್ಟು ಹುಲ್ಲು ಎಣಿಸಿದ್ದೇ ಆಯ್ತು. ದನ ಮೇಯುವ ಒಂದು ಬಯಲಿನಲ್ಲಿ ಇಪ್ಪತ್ತು ಕ್ವಾಡ್ರಾಟ್, ಬೇಲಿ ಹಾಕಿದ ಒಂದು ಬಯಲಿನಲ್ಲಿ ಇಪ್ಪತ್ತು. ಅಷ್ಟು ಕಷ್ಟಪಟ್ಟು ಬರೆದ ವರದಿಯ ಮೇಲೆ ‘ಇದು ಇಪ್ಪತ್ತಲ್ಲ, ಒಂದು’ ಎಂದು ಕೆಂಪು ಶಾಯಿಯಲ್ಲಿ ಗೀಚಿ ಅರ್ಧದಷ್ಟು ಅಂಕ ಕತ್ತರಿಸಿದರು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಒಮ್ಮೆ ಫೇಲ್ ಕೂಡ ಆಗಿದ್ದೇನೆ. ಮನೆಯಲ್ಲಿ ‘ಇದನ್ನು ಓದಿ ಏನಾಗ್ತೀಯ?’ ಎನ್ನುತ್ತಾರೆ. ಬಿಟ್ಟು ಬೇರೆ ಕೋರ್ಸ್‌ಗೆ ಹೋಗಲೇ?

*

ಮೊದಲು ಆ ಕೆಂಪು ಶಾಯಿಯ ವಿಷಯ ಮಾತಾಡೋಣ. ನಿಮ್ಮ ಸಿಟ್ಟು ಅಲ್ಲೇ ಇದೆ ಅನ್ನಿಸಿತು.

ಒಬ್ಬ ರೋಗಿಗೆ ಇಪ್ಪತ್ತು ಸಲ ಜ್ವರ ನೋಡಿದರೆ ಇಪ್ಪತ್ತು ರೋಗಿಗಳನ್ನು ನೋಡಿದಂತಾಗುತ್ತದೆಯೇ? ಇಲ್ಲ ಅಲ್ವಾ? ನೀವು ಮಾಡಿದ್ದೂ ಅದನ್ನೇ. ದನ ಮೇಯುವ ಬಯಲು ಒಂದೇ, ಬೇಲಿಯ ಬಯಲೂ ಒಂದೇ. ಆ ಎರಡು ಬಯಲುಗಳ ನಡುವೆ ದನ ಬಿಟ್ಟು ಇನ್ನೂ ನೂರು ವ್ಯತ್ಯಾಸ ಇರಬಹುದು. ಒಂದು ತಗ್ಗಿನಲ್ಲಿರಬಹುದು, ಒಂದರ ಮಣ್ಣಿನಲ್ಲಿ ಮರಳು ಜಾಸ್ತಿ ಇರಬಹುದು, ಒಂದಕ್ಕೆ ಮಧ್ಯಾಹ್ನದ ನಂತರ ನೆರಳು ಬೀಳುತ್ತಿರಬಹುದು. ಕ್ವಾಡ್ರಾಟ್ ಇಪ್ಪತ್ತಿರಲಿ, ಇನ್ನೂರಿರಲಿ, ಹುಲ್ಲಿನ ವ್ಯತ್ಯಾಸಕ್ಕೆ ದನವೇ ಕಾರಣ ಎಂದು ಹೇಳಲು ಬರುವುದಿಲ್ಲ. ಮೇಯುವ ಬಯಲು ನಾಲ್ಕೈದು, ಬೇಲಿಯ ಬಯಲು ನಾಲ್ಕೈದು ಬೇಕಿತ್ತು. ಪ್ರತಿಯೊಂದರಲ್ಲಿ ನಾಲ್ಕೇ ಕ್ವಾಡ್ರಾಟ್ ಇಟ್ಟಿದ್ದರೂ ನಡೆಯುತ್ತಿತ್ತು. ಶ್ರಮ ಅಷ್ಟೇ, ಓಡಾಟ ಮಾತ್ರ ಸ್ವಲ್ಪ ಜಾಸ್ತಿ.

ಇದಕ್ಕೆ ಸೂಡೊರೆಪ್ಲಿಕೇಶನ್, ಅಂದರೆ ಹುಸಿ ಪುನರಾವರ್ತನೆ, ಎಂದು ಹೆಸರಿಟ್ಟವರು ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್. 1984ರಲ್ಲಿ ಅವರು ಅಚ್ಚಾಗಿದ್ದ 176 ಪ್ರಯೋಗಗಳನ್ನು ಜಾಲಾಡಿದರು. ಅದರಲ್ಲಿ 27 ಶೇಕಡದಷ್ಟು ನಿಮ್ಮದೇ ತಪ್ಪು ಮಾಡಿದ್ದವು. ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿದವುಗಳನ್ನಷ್ಟೇ ಲೆಕ್ಕ ಹಿಡಿದರೆ 48 ಶೇಕಡ! ಎಲ್ಲವೂ ಪತ್ರಿಕೆಗಳಲ್ಲಿ ಪ್ರಕಟವಾದ ಕೆಲಸಗಳೇ. ಎರಡನೇ ವರ್ಷದಲ್ಲಿ ನೀವು ಅಲ್ಲಿ ಜಾರಿದ್ದಕ್ಕೆ ನಾಚಿಕೆಪಡಬೇಕಿಲ್ಲ. ಅರ್ಧದಷ್ಟು ಅಂಕ ಕತ್ತರಿಸಿದ್ದು ಮಾತ್ರ ಅತಿಯಾಯ್ತು. ನಾನಾಗಿದ್ದರೆ ಕಾಲು ಭಾಗ ಕತ್ತರಿಸುತ್ತಿದ್ದೆ.

— ಇಪ್ಪತ್ತು ವರ್ಷದಿಂದ ಕೆಂಪು ಶಾಯಿ ಬಳಸುತ್ತಿರುವ ಅಧ್ಯಾಪಕಿ

*

ತಂಗಿ, ಹಕ್ಕಿ ಬೇರೆ, ಲೆಕ್ಕ ಬೇರೆ ಅಂತ ನಿನಗೆ ಯಾರು ಹೇಳಿದರು?

ಒಂದು ಕತೆ ಹೇಳುತ್ತೇನೆ. ಪೂರ್ತಿ ನಡೆದದ್ದೇ. 1930ರ ದಶಕದಲ್ಲಿ ಗಾಸ್ ಎಂಬ ರಷ್ಯಾದ ವಿಜ್ಞಾನಿ ಎರಡು ಜಾತಿಯ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಒಂದೇ ಕೊಳವೆಯಲ್ಲಿ ಬೆಳೆಸಿ ನೋಡಿದ. ಒಂದು ಜಾತಿ ಬೆಳೆಯಿತು, ಇನ್ನೊಂದು ಅಳಿಯಿತು. ಒಂದೇ ಬಗೆಯ ಬದುಕಿನ ಎರಡು ಜಾತಿಗಳು ಒಂದೇ ಕಡೆ ಬಹಳ ಕಾಲ ಉಳಿಯುವುದಿಲ್ಲ ಎಂಬ ಮಾತು ಅಲ್ಲಿಂದ ಗಟ್ಟಿಯಾಯಿತು. ಸರಿ, ಹಾಗಾದರೆ ಅಮೆರಿಕದ ಈಶಾನ್ಯ ಮೂಲೆಯ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರದ ಕಾಡುಗಳಲ್ಲಿ ಐದು ಜಾತಿಯ ವಾರ್ಬ್ಲರ್‌ಗಳು ಒಟ್ಟಿಗೆ ಬದುಕುತ್ತಿವೆಯಲ್ಲ, ಅದು ಹೇಗೆ? ಎಲ್ಲವೂ ಪುಟ್ಟ ಹಕ್ಕಿಗಳು, ಗಾತ್ರ ಹೆಚ್ಚುಕಡಿಮೆ ಒಂದೇ, ತಿನ್ನುವುದು ಹುಳ, ಕೂರುವುದು ಅದೇ ಮರದಲ್ಲಿ.

ಉತ್ತರ ಹುಡುಕಲು ಹೊರಟವನು ರಾಬರ್ಟ್ ಮ್ಯಾಕಾರ್ಥರ್ ಎಂಬ ಹುಡುಗ. ಗಣಿತ ಓದಿ ಬಂದವನು. ಅವನು ಮನಸ್ಸಿನಲ್ಲೇ ಮರವನ್ನು ಭಾಗ ಮಾಡಿಕೊಂಡ. ಮೇಲಿಂದ ಕೆಳಕ್ಕೆ ಪಟ್ಟಿಗಳು. ಪ್ರತಿ ಪಟ್ಟಿಯಲ್ಲೂ ಕೊಂಬೆಯ ಹೊರತುದಿ, ನಡುಭಾಗ, ಬುಡ. ಆಮೇಲೆ ಮರದ ಕೆಳಗೆ ನಿಂತು ಹಕ್ಕಿ ನೋಡಿದ. ಯಾವ ಹಕ್ಕಿ ಯಾವ ಭಾಗದಲ್ಲಿ ಎಷ್ಟು ಸೆಕೆಂಡ್ ಇತ್ತು ಎಂದು ಎಣಿಸಿದ, ಅಷ್ಟೇ. ಎಣಿಸಿ ಕೂಡಿದಾಗ ಗುಟ್ಟು ಹೊರಬಿತ್ತು. ಒಂದು ಜಾತಿ ತುದಿಯ ಎಳೆ ಚಿಗುರಿನಲ್ಲಿ ಜಾಸ್ತಿ ಹೊತ್ತು, ಇನ್ನೊಂದು ನಡುಮರದ ಒಳಕೊಂಬೆಯಲ್ಲಿ, ಮತ್ತೊಂದು ಎಲ್ಲ ಕಡೆ ಅಲೆಯುತ್ತಾ ನೆಲಕ್ಕೂ ಇಳಿಯುತ್ತಿತ್ತು. ಒಂದೇ ಮರ ಅಂದುಕೊಂಡದ್ದು ಹಕ್ಕಿಗಳ ಪಾಲಿಗೆ ಒಂದೇ ಮರ ಆಗಿರಲಿಲ್ಲ. 1958ರಲ್ಲಿ ಇದು ಅಚ್ಚಾಯಿತು. ಇವತ್ತಿಗೂ ಇಕಾಲಜಿಯ ಪಠ್ಯಗಳಲ್ಲಿ ಆ ಮರಗಳ ಚಿತ್ರ ಇರುತ್ತದೆ. ನಿನ್ನ ಪುಸ್ತಕದಲ್ಲೂ ಇರಬೇಕು, ನೋಡು.

ಸುಮ್ನೆ ಬೈನಾಕ್ಯುಲರ್ ಹಿಡಿದು ನೋಡಿದ್ದರೆ ಅವನಿಗೂ ಐದು ಚೆಂದದ ಹಕ್ಕಿಗಳು ಕಾಣುತ್ತಿದ್ದವು. ನನಗೂ ಹದಿನೈದು ವರ್ಷ ಹಾಗೇ ಕಂಡಿದ್ದವು. ಸಂಶೋಧನೆಗೆಂದು ಮೊದಲ ಸಲ ಗಡಿಯಾರ ಹಿಡಿದು ಒಂದೇ ಹಕ್ಕಿಯ ಹಿಂದೆ ಬಿದ್ದಾಗಲೇ ಗೊತ್ತಾಗಿದ್ದು, ಅದು ದಿನದ ಬಹುಪಾಲು ಹೊತ್ತು ಏನೂ ಮಾಡದೆ ಕೂತಿರುತ್ತದೆ ಅಂತ. ಅದು ಹಾಡುವಾಗ, ಹಾರುವಾಗ ಮಾತ್ರ ನನ್ನ ಕಣ್ಣಿಗೆ ಬೀಳುತ್ತಿತ್ತು.

ನಿನ್ನ ಪಾಠದವರು ಇದನ್ನು ಮೊದಲ ವಾರವೇ ಹೇಳಬೇಕಿತ್ತು. ಅದು ಬಿಟ್ಟು ನೇರವಾಗಿ ಸೂತ್ರ ಬೋರ್ಡಿಗೆ ಬರೆದರೆ ಯಾರಿಗಾದರೂ ಬೇಜಾರು ಬರುತ್ತದೆ.

— ಹಕ್ಕಿಗಳ ಹಿಂದೆ ತಿರುಗುವ ಒಬ್ಬ ಅಣ್ಣ

*

ಬಿಡಬೇಕು ಅನ್ನಿಸಿದರೆ ಬಿಡಿ. ನಾನು ಬಿಟ್ಟೆ. ಇದೇ ಕೋರ್ಸ್, ಇದೇ ಎರಡನೇ ವರ್ಷ. ಈಗ ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಸುಖವಾಗಿದ್ದೇನೆ. ಹಕ್ಕಿ ನೋಡಲು ಪದವಿ ಬೇಕಿಲ್ಲ. ಭಾನುವಾರ ಬೆಳಿಗ್ಗೆ ಹೋಗುತ್ತೇನೆ, ಕಂಡದ್ದನ್ನು ಇಬರ್ಡ್ (eBird) ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕುತ್ತೇನೆ. 2002ರಿಂದ ನಡೆಯುತ್ತಿರುವ ವ್ಯವಸ್ಥೆ ಅದು, ಯಾರು ಬೇಕಾದರೂ ಸೇರಬಹುದು.

ತಮಾಷೆ ಏನೆಂದರೆ ಅಲ್ಲೂ ಬಿಡುವುದಿಲ್ಲ. ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ, ಪ್ರತಿ ಜಾತಿಯವು ಎಷ್ಟು, ಕಂಡ ಎಲ್ಲ ಜಾತಿಗಳನ್ನೂ ಬರೆದಿದ್ದೀರಾ, ಎಲ್ಲ ಕೇಳುತ್ತದೆ! ಪಟ್ಟಿ ಪೂರ್ತಿಯಾಗಿದ್ದರೆ ತಾನೇ ಅದರಲ್ಲಿ ಇಲ್ಲದ ಹಕ್ಕಿ ಅಲ್ಲಿ ಕಾಣಲಿಲ್ಲ ಎಂದು ಗೊತ್ತಾಗುವುದು. ಲೆಕ್ಕದಿಂದ ತಪ್ಪಿಸಿಕೊಂಡು ಓಡಿದವನ ಗತಿ ನೋಡಿ.

— ಓಡಿಹೋದವನು

*

ನಾನೂ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಫೇಲ್ ಆಗಿದ್ದೆ, ಅದೂ ಎರಡು ಸಲ. ಈಗ ಕೊನೆಯ ವರ್ಷ. ನನಗೆ ದಾರಿ ತೋರಿಸಿದ್ದು ಒಂದು ಡಬ್ಬಿ ಮಣಿ.

ಮಾರ್ಕ್-ರೀಕ್ಯಾಪ್ಚರ್ ಅಂತ ಓದಿರುತ್ತೀರಿ, ಕೆಲವು ಪ್ರಾಣಿಗಳಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ಒಟ್ಟು ಎಷ್ಟಿವೆ ಎಂದು ಅಂದಾಜು ಮಾಡುವುದು. ಸೂತ್ರ ಬಾಯಿಪಾಠ ಮಾಡಿ ಮರೆತುಬಿಡುತ್ತಿದ್ದೆ. ಒಂದು ದಿನ ಗೆಳತಿ ಬಿಳಿ ಮಣಿಗಳ ಡಬ್ಬಿ ತಂದು ‘ಎಷ್ಟಿದೆ ಹೇಳು, ಪೂರ್ತಿ ಎಣಿಸಬಾರದು’ ಎಂದಳು. 50 ಮಣಿ ತೆಗೆದು ಪೆನ್ನಿನಿಂದ ಗುರುತು ಹಾಕಿ ವಾಪಸ್ ಹಾಕಿದೆವು. ಕುಲುಕಿದೆವು. ಮತ್ತೆ 60 ತೆಗೆದೆವು. ಅದರಲ್ಲಿ ಗುರುತಿನವು 10. ಅಂದರೆ ಆರರಲ್ಲಿ ಒಂದು. ಹಾಗಾದರೆ ಗುರುತು ಹಾಕಿದ 50 ಕೂಡ ಇಡೀ ಡಬ್ಬಿಯ ಆರರಲ್ಲಿ ಒಂದು ಪಾಲು ಇರಬೇಕು. ಒಟ್ಟು 300. ಎಣಿಸಿದಾಗ ಇದ್ದದ್ದು 318. ಆ ಖುಷಿಗೆ ಇನ್ನೊಂದು ಸಲ ಮಾಡಿದೆವು, ಈ ಸಲ ಕುಲುಕದೆ. ಗುರುತಿನ ಮಣಿಗಳೆಲ್ಲ ಮೇಲೇ ಕೂತಿದ್ದವು. ಉತ್ತರ 120 ಬಂತು! ‘ಗುರುತು ಹಾಕಿದ ಪ್ರಾಣಿಗಳು ಉಳಿದವುಗಳ ಜೊತೆ ಚೆನ್ನಾಗಿ ಬೆರೆತಿರಬೇಕು’ ಎಂಬ ಸಾಲು ಪುಸ್ತಕದಲ್ಲಿ ಯಾಕಿದೆ ಅಂತ ಆವತ್ತು ಹೊಳೆಯಿತು.

‘ಆರ್’ ಬಗ್ಗೆ ಎರಡೇ ಮಾತು. ಅವರು ಕೊಟ್ಟ ಡೇಟಾ ಬೇಡ, ನೀವು ಎಣಿಸಿದ ಹುಲ್ಲಿನದ್ದನ್ನೇ ಹಾಕಿ. ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡುವ ಮೊದಲು ಗ್ರಾಫ್ ಎಳೆಯಿರಿ, ಅರ್ಧ ತಪ್ಪು ಅಲ್ಲೇ ಕಾಣುತ್ತದೆ. ಆಮೇಲೆ, ಗಿಡ ಇಲ್ಲದ ಕಡೆ ಸೊನ್ನೆ ಬರೆಯಿರಿ, ಖಾಲಿ ಬಿಡಬೇಡಿ. ಖಾಲಿ ಎಂದರೆ ‘ನೋಡಲಿಲ್ಲ’, ಸೊನ್ನೆ ಎಂದರೆ ‘ನೋಡಿದೆ, ಇರಲಿಲ್ಲ’. ನನ್ನ ಒಂದು ತಿಂಗಳ ಕೆಲಸ ಈ ಒಂದು ವಿಷಯಕ್ಕೆ ನೀರುಪಾಲಾಗಿತ್ತು. (ಮೂರು ಮಾತಾಯ್ತು, ಇರಲಿ.)

— ಮೂರನೇ ಸಲಕ್ಕೆ ಪಾಸಾದವಳು

*

ಮನೆಯವರ ಪ್ರಶ್ನೆಗೆ ಉತ್ತರ ಕೊಡುವವನು ನಾನೇ ಇರಬೇಕು. ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಕಾಡಿನಲ್ಲಿ ಇದ್ದುಕೊಂಡು ಸಂಬಳ ಬರುವ ಕೆಲಸಗಳು ಕಡಿಮೆ, ಇದ್ದರೂ ಆರು ತಿಂಗಳು, ಒಂದು ವರ್ಷದ್ದು. ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀರು, ಮಣ್ಣು, ಗಾಳಿಯ ಪರೀಕ್ಷೆ, ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ವರದಿ, ನಕಾಶೆಯ ಕೆಲಸ, ಇವೆಲ್ಲ ಇವೆ. ಗಿಡ, ಹುಳ ಗುರುತಿಸಲು ಬರುವವರು ಎಲ್ಲ ಕಡೆ ಕಡಿಮೆ. ಗುರುತಿಸಲೂ ಬರುತ್ತದೆ, ಡೇಟಾ ನೋಡಲೂ ಬರುತ್ತದೆ ಎಂದರೆ ಇನ್ನೂ ಕಡಿಮೆ.

ನಮ್ಮ ಕೆಲಸದ ರುಚಿ ಹೇಳುತ್ತೇನೆ. ನೀರು ಎಷ್ಟು ಕೊಳಕು ಎಂದು ತಿಳಿಯುವ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಗೆ ನೀರಿನ ಬಾಟಲಿಯನ್ನು ಕತ್ತಲಲ್ಲಿ, 20 ಡಿಗ್ರಿಯಲ್ಲಿ, 5 ದಿನ ಇಡಬೇಕು. ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತಾ ಎಷ್ಟು ಆಮ್ಲಜನಕ ಬಳಸಿದವು ಎಂಬುದೇ ಲೆಕ್ಕ. ಸೇರಿದ ಹೊಸದರಲ್ಲಿ ಬಾಟಲಿಗೆ ಮುಚ್ಚಳ ಹಾಕುವಾಗ ಕಡಲೆಕಾಳಿನಷ್ಟು ಗಾಳಿಗುಳ್ಳೆ ಉಳಿಸಿಬಿಟ್ಟಿದ್ದೆ. ಆ ಗುಳ್ಳೆಯ ಆಮ್ಲಜನಕವೂ ನೀರಿಗೆ ಸೇರಿತು. ಕೊಳಕು ನೀರು ಇದ್ದದ್ದಕ್ಕಿಂತ ಶುದ್ಧ ಅಂತ ಬಂತು. ಐದು ದಿನದ ಕೆಲಸ ಹೋಯ್ತು, ಬೈಗುಳ ಬೇರೆ. ಈಗ ಬಾಟಲಿ ಓರೆ ಮಾಡಿ ಬೆಳಕಿಗೆ ಹಿಡಿದು ನೋಡದೆ ಮುಂದೆ ಹೋಗುವುದೇ ಇಲ್ಲ. ಇಂಥ ಕಿರಿಕಿರಿ ನಿಮಗೆ ಹಿಡಿಸುತ್ತದೆಯಾ ಎಂದು ನೀವೇ ಕೇಳಿಕೊಳ್ಳಿ.

— ಬಾಟಲಿ ಕಾಯುವವನು

*

ಮಗಳೇ, ಆ ಮೂರು ದಿನದ ಹಾಳೆಗಳನ್ನು ಎಸೆದಿಲ್ಲ ತಾನೇ? ಎಸೆಯಬೇಡ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂದು ಹುಲ್ಲುಗಾವಲಿದೆ. ಮೇವಿನ ಇಳುವರಿ ಹೆಚ್ಚಿಸುವುದು ಹೇಗೆ ಎಂದು ನೋಡಲು 1856ರಲ್ಲಿ ತುಂಡು ತುಂಡು ಮಾಡಿ ಬೇರೆ ಬೇರೆ ಗೊಬ್ಬರ ಹಾಕತೊಡಗಿದರು. ಇನ್ನೂ ನಿಲ್ಲಿಸಿಲ್ಲ. ಗೊಬ್ಬರ ಕಾಣದ ತುಂಡುಗಳಲ್ಲಿ ಇವತ್ತಿಗೂ ಹತ್ತಾರು ಜಾತಿಯ ಗಿಡಗಳಿವೆ. ಅಮೋನಿಯಂ ಸಲ್ಫೇಟ್ ಗೊಬ್ಬರ ಸುರಿದು, ಸುಣ್ಣ ಹಾಕದೆ ಬಿಟ್ಟ ತುಂಡುಗಳಲ್ಲಿ ಎರಡೋ ಮೂರೋ ಉಳಿದಿವೆ. ತಲೆಮಾರುಗಳ ಕಾಲ ಯಾರೋ ಬಗ್ಗಿ ಹುಲ್ಲು ನೋಡಿದ್ದರಿಂದ ಇದು ನಮಗೆ ಗೊತ್ತು.

ಮುಂದಿನ ವರ್ಷ ಅದೇ ಎರಡು ಬಯಲಿಗೆ ಹೋಗು. ಆಗುವುದಾದರೆ ಅಕ್ಕಪಕ್ಕದ ಇನ್ನೂ ನಾಲ್ಕನ್ನು ಸೇರಿಸಿಕೋ, ಆ ಅಧ್ಯಾಪಕರ ಬಾಯಿಯೂ ಮುಚ್ಚುತ್ತದೆ. ಬೈನಾಕ್ಯುಲರ್ ಕುತ್ತಿಗೆಗೆ ಹಾಕಿಕೊಂಡೇ ಹೋಗು, ಯಾರೂ ಬೇಡ ಅನ್ನುವುದಿಲ್ಲ. ಕ್ವಾಡ್ರಾಟ್ ಇಟ್ಟ ಜಾಗಕ್ಕೆ ಗೂಟದ ಗುರುತು ಇರಲಿ. ಪೆನ್ನಿನಲ್ಲಿ ಬರೆಯಬೇಡ, ಪೆನ್ಸಿಲ್ ಬಳಸು. ಮಳೆ ಬಂದರೆ ಶಾಯಿ ಕದಡಿಹೋಗುತ್ತದೆ.

— ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು