ಅಪ್ಲಿಕ್‌ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಸಂಜೆಯೊಳಗೆ ಬೇಕು

ಅಕ್ಕಲಕೋಟೆಯಿಂದ:
ಮುಂದಿನ ವಾರ ಇಲ್ಲಿ ಹೆಂಗಸರಿಗೆ ಮಷಿನ್ ಅಪ್ಲಿಕ್ ಕೌದಿಯ ತರಗತಿ ಇದೆ. ಬರುವವರು ಏನೇನು ತಯಾರಿ ಮಾಡಿಕೊಳ್ಳಬೇಕು ಅಂತ ಒಂದು ಹಾಳೆ ಅಚ್ಚಾಗಬೇಕು, ಮರಾಠಿಯಲ್ಲೂ ಕನ್ನಡದಲ್ಲೂ. ಮರಾಠಿ ಮುಗಿಯಿತು. ಕನ್ನಡದಲ್ಲಿ ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಅಪ್ಲಿಕ್. ತೇಪೆ ಅಂತ ಬರೆದರೆ ಹರಿದ ಬಟ್ಟೆ ಹೊತ್ತುಕೊಂಡು ಬರುತ್ತಾರೆ. ಇಲ್ಲಿ ಹರಿದದ್ದು ಏನೂ ಇಲ್ಲ. ಗಟ್ಟಿ ಬಟ್ಟೆಯ ಮೇಲೆ ಬೇರೆ ಬಟ್ಟೆಯ ಹೂವು, ಹಕ್ಕಿ ಕತ್ತರಿಸಿ ಕೂರಿಸುವ ಕೆಲಸ. ಇನ್ನೊಂದು ಫ್ಯೂಸಿಬಲ್ ವೆಬ್. ಎರಡೂ ಬದಿಗೆ ಅಂಟು ಇರುವ ತೆಳು ಹಾಳೆ, ಒಂದು ಬದಿಗೆ ಕಾಗದ ಇರುತ್ತದೆ. ಸುಮ್ನೆ ಪೇಸ್ಟಿಂಗ್ ಅಂದರೆ ಅಂಗಡಿಯವರು ಕಾಲರಿಗೆ ಹಾಕುವುದನ್ನು ಕೊಡುತ್ತಾರೆ. ಅದಕ್ಕೆ ಒಂದೇ ಬದಿ ಅಂಟು.

ಧಾರವಾಡದಿಂದ:
ತೇಪೆಯೇ ಸರಿ. ನಾಚಿಕೆ ಯಾಕೆ? ‘ಕೌದಿ’ ‘ಕವಿ’ ಧಾತುವಿನಿಂದ ಬಂದಿರಬೇಕು ಅಂತ ನನ್ನ ಊಹೆ. ಕವಿ, ಕವುದಿ, ಕೌದಿ. ತೇಪೆಯ ಮೇಲೆ ತೇಪೆ ಕವಿದದ್ದು. ಈ ವಿಷಯ ಹಿಂದೆಯೂ ಬರೆದಿದ್ದೆ, ಯಾರೂ ಓದಲಿಲ್ಲ.

ಬೆಂಗಳೂರಿನಿಂದ:
ಕವಿಯುವುದೆಲ್ಲ ಕೌದಿಯಾದರೆ ಮೋಡವೂ ಕೌದಿಯೇ. ಅವರು ಕೇಳಿದ್ದು ಅಪ್ಲಿಕ್‌ಗೆ. ‘ಹಚ್ಚು’ ಅಚ್ಚಗನ್ನಡ. ‘ಹಚ್ಚೆ ಹೊಲಿಗೆ’ ಅನ್ನಿ, ಮುಗಿಯಿತು.

ಜತ್ತದಿಂದ:
ಹಚ್ಚೆ ಅಂತ ಅಚ್ಚು ಹಾಕಿಸಿದರೆ ಮುಂಗೈ ಚಾಚಿಕೊಂಡು ಬರುತ್ತಾರೆ, ಅಲ್ವಾ? ನಮ್ಮ ಕಡೆ ಟೇಲರುಗಳು ಪ್ಯಾಚ್ ಅಂತಾರೆ. ಪದ ಆಮೇಲೆ ನೋಡೋಣ, ಹಾಳೆಯಲ್ಲಿ ಇರಲೇಬೇಕಾದದ್ದು ಬೇರೆ ಇದೆ. ಜಿಗ್‌ಜಾಗ್ ಇರುವ ಮಷಿನ್ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಮನೆಯಲ್ಲಿರುವ ಹಳೇ ಕರಿ ಮಷಿನ್ ನೇರ ಹೊಲಿಗೆ ಬಿಟ್ಟು ಬೇರೆ ಹಾಕುವುದಿಲ್ಲ. ನೇರ ಹೊಲಿಗೆಯಲ್ಲೂ ಮಾಡಬಹುದು, ಆದರೆ ತೊಳೆದ ಹಾಗೆಲ್ಲ ಅಂಚಿನ ನೂಲು ಬಿಡುತ್ತದೆ. ಜಿಗ್‌ಜಾಗನ್ನು ಒತ್ತೊತ್ತಾಗಿ, ಟಾಕೆಯ ಉದ್ದ ಅರ್ಧ ಮಿಲಿಮೀಟರಿಗೆ ಇಳಿಸಿ ಹಾಕಿದರೆ ಅಂಚು ಮುಚ್ಚುತ್ತದೆ. ಆಗ ಬಟ್ಟೆಯ ಕೆಳಗೆ ಕಾಗದ ಇಡದಿದ್ದರೆ ಮುದುಡಿ ಸುರುಳಿ. ಸೂಜಿ 12 ನಂಬರ್ ಸಾಕು. ಕಾಟನ್ ಬಟ್ಟೆ ತೊಳೆದೇ ತರಲಿ. ಕುಗ್ಗುವುದು, ಬಣ್ಣ ಬಿಡುವುದು ಮೊದಲೇ ಆಗಿಹೋಗಲಿ. ಮತ್ತೆ ಆ ಅಂಟಿನ ಕಾಗದದ ಮೇಲೆ ಚಿತ್ರ ಎಡಬಲ ತಿರುಗಿಸಿ ಬರೆಯಬೇಕು. ಹೂವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಸರಿನ ಅಕ್ಷರ ಕತ್ತರಿಸಿದರೆ ಗೊತ್ತಾಗುತ್ತದೆ.

ಬೆಂಗಳೂರಿನಿಂದ:
ಪ್ಯಾಚ್, ಮಷಿನ್, ನಂಬರ್, ಕಾಟನ್. ಇದು ಕನ್ನಡವೋ? ಗಡಿಯಲ್ಲಿರುವವರೇ ಹೀಗೆ ಬಿಟ್ಟುಕೊಟ್ಟರೆ ಉಳಿಸುವವರು ಯಾರು?

ಜತ್ತದಿಂದ:
ಗಡಿಯಲ್ಲಿರುವವರಿಗೆ ಪಾಠ ಬೇಡ. ಮಗ್ಗುಲಲ್ಲಿ ಎಲ್ಲರೂ ಮರಾಠಿಯಲ್ಲಿ ವಾಕಳ, ಗೋಧಡಿ ಅನ್ನುವಾಗ ನಮ್ಮ ಮನೆಯಲ್ಲಿ ಇನ್ನೂ ಕೌದಿ ಅಂತಲೇ ಅಂತಾರೆ. ನಿಮ್ಮ ಸೂಜಿ ಸಂಸ್ಕೃತದ ಸೂಚಿ, ಕತ್ತರಿ ಅಲ್ಲಿಯದೇ ಕರ್ತರಿ, ದರ್ಜಿ ಪಾರಸಿ. ಮೂರನ್ನೂ ದೂರ ಇಟ್ಟು ಒಂದು ಅಂಗಿಗೆ ಗುಂಡಿ ಹಾಕಿ ತೋರಿಸಿ.

ಕಾಸರಗೋಡಿನಿಂದ:
ಜಗಳ ಜಾಸ್ತಿಯಾಯಿತು. ‘ಕಂತೆಗೆ ತಕ್ಕ ಬೊಂತೆ’ ಅನ್ನುವ ಗಾದೆ ಮರೆತಿರಾ? ಎರಡೂ ಚಿಂದಿ ಹೊದಿಕೆಯ ಹೆಸರೇ. ಕಂತೆ ಸಂಸ್ಕೃತದ ಕಂಥಾ, ಬಂಗಾಳದ ಕಾಂಥಾ ಹೊಲಿಗೆಯೂ ಅದೇ. ಬೊಂತೆ ತೆಲುಗಿನವರ ಬಾಯಲ್ಲಿ ಇಂದಿಗೂ ಬೊಂತ. ವಚನಕಾರ್ತಿ ಬೊಂತಾದೇವಿಯ ಹೆಸರಲ್ಲೇ ಕೂತಿದೆ. ‘ಬೊಂತೆಗೆಲಸ’ ಅಂದರೇನು ತಪ್ಪು?

ಅಕ್ಕಲಕೋಟೆಯಿಂದ:
ಬೊಂತೆ ಅಂದರೆ ಇಡೀ ಹೊದಿಕೆ. ನನಗೆ ಬೇಕಿದ್ದದ್ದು ಅದರ ಮೇಲಿನ ತುಂಡಿನ ಕೆಲಸಕ್ಕೆ. ಹಾಳೆ ಪ್ರೆಸ್ಸಿಗೆ ಹೋಯಿತು. ಮೇಲೆ ‘ಮಷಿನ್ ಅಪ್ಲಿಕ್ ಕೌದಿ’, ಕೆಳಗೆ ಸಣ್ಣದಾಗಿ ‘ಬಟ್ಟೆಯ ಮೇಲೆ ಬಟ್ಟೆ ಕೂರಿಸುವ ಹೊಲಿಗೆ’. ಆ ಅಂಟಿನ ಹಾಳೆಗೆ ‘ಎರಡು ಬದಿ ಅಂಟಿನ ಕಾಗದ’, ಪಕ್ಕದಲ್ಲೇ ಅಂಗಡಿಯಲ್ಲಿ ಕೇಳಲು ಫ್ಯೂಸಿಬಲ್ ವೆಬ್ ಅಂತಲೂ ಇದೆ. ಜಿಗ್‌ಜಾಗ್ ದಪ್ಪ ಅಕ್ಷರದಲ್ಲಿದೆ. ಜತ್ತದವರಿಗೆ ಉಪಕಾರ.

ಬೆಂಗಳೂರಿನಿಂದ:
‘ಕೂರಿಸುವ’ ಚೆನ್ನಾಗಿದೆ. ‘ಮಷಿನ್’ ಯಾಕೆ ಉಳಿಯಿತು?

ಅಕ್ಕಲಕೋಟೆಯಿಂದ:
‘ಹೊಲಿಗೆ ಯಂತ್ರ’ ನಾನು ಓದಿದ್ದು ಸರಕಾರಿ ಅರ್ಜಿಯಲ್ಲಿ ಮಾತ್ರ. ಇಲ್ಲಿ ಬರೀ ಯಂತ್ರ ಅಂದರೆ ತಾಯಿತ. ಅಚ್ಚು ಆಗಿಹೋಗಿದೆ.