ಸಾಲ್ಸ್‌ಬರಿ ಹತ್ತಿರದ ಹಳೇ ಪಾದ್ರಿ ಮನೆ: ಕೊಳ್ಳೋದಾ, ಬಿಡೋದಾ?

ತೀರ್ಥಹಳ್ಳಿ ಟು ರೆಡಿಂಗ್:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸಾಲ್ಸ್‌ಬರಿಯಿಂದ ಪಶ್ಚಿಮಕ್ಕೆ, ನ್ಯಾಡರ್ ಹೊಳೆ ಕಡೆಯ ಒಂದು ಹಳ್ಳಿಯಲ್ಲಿ ಹಳೇ ರೆಕ್ಟರಿ ಮಾರಾಟಕ್ಕಿದೆ. ಒಂದು ಕಾಲದಲ್ಲಿ ಊರಿನ ಪಾದ್ರಿ ಇದ್ದ ಮನೆ. 18ನೇ ಶತಮಾನದ ಕಲ್ಲಿನ ಕಟ್ಟಡ, ಗ್ರೇಡ್ 2 ಲಿಸ್ಟೆಡ್, ಅಂದರೆ ಕಾನೂನಿನ ರಕ್ಷಣೆ ಇರುವ ಕಟ್ಟಡಗಳ ಪಟ್ಟಿಯಲ್ಲಿದೆ. ಚರ್ಚ್ ಮಾರಿದ ಮೇಲೆ ಒಂದೇ ಕುಟುಂಬದವರು ಇದ್ದಾರಂತೆ. ಈಗ ಮಕ್ಕಳೆಲ್ಲ ಬೇರೆ ಕಡೆ ಇದ್ದಾರೆ. ಅಜ್ಜಿಯೊಬ್ಬರಿಂದ ನೋಡಿಕೊಳ್ಳಲು ಆಗುತ್ತಿಲ್ಲ. ಕೇಳುತ್ತಿರುವುದು 12 ಲಕ್ಷ ಪೌಂಡ್.

ಅಣ್ಣ ಮತ್ತು ನಾನು ಸೇರಿ ತಗೊಳ್ಳುವ ಯೋಚನೆ. ಆರು ಬೆಡ್‌ರೂಮ್ ಇವೆ. ಅಪ್ಪ ಅಮ್ಮ ಬಂದರೆ ಮೆಟ್ಟಿಲು ಹತ್ತದೆ ಕೆಳಗೇ ಇರಬಹುದು. ಮನೆ ನೋಡಿ ಬಂದೆವು. ಅಡುಗೆಮನೆ ಗೋಡೆಯಲ್ಲಿ ಕೆಲಸದವರನ್ನು ಕರೆಯುತ್ತಿದ್ದ ಗಂಟೆಗಳ ಸಾಲು ಹಾಗೇ ಇದೆ. ಒಂದೊಂದರ ಕೆಳಗೂ ಕೋಣೆಯ ಹೆಸರು. ಒಂದರ ತಂತಿ ಎಳೆದರೆ ಈಗಲೂ ಸದ್ದು ಬರುತ್ತದೆ. ಆದರೆ ಉತ್ತರದ ಗೋಡೆಗೆ ಹೊರಗಿಂದ ಸಿಮೆಂಟ್ ಬಳಿದಿದ್ದಾರೆ, ಒಳಗೆ ಪೇಂಟ್ ಉಬ್ಬಿ ಉದುರುತ್ತಿದೆ. ಹಳೇ ಮನೆ ಅಂದಮೇಲೆ ಇಷ್ಟು ಇದ್ದೇ ಇರುತ್ತದೆ ಅಂತ ಏಜೆಂಟ್ ಹೇಳಿದರು. ಮನಸ್ಸು ಬಂದಿದೆ, ಧೈರ್ಯ ಸಾಲುತ್ತಿಲ್ಲ. ತಿಳಿದವರು ಹೇಳಿ.

ಬ್ಯಾಲೆನ್ಸ್ ಶೀಟ್:
ಮೊದಲು ಲೆಕ್ಕ ನೋಡೋಣ. 12 ಲಕ್ಷಕ್ಕೆ ಈಗಿನ ದರದಲ್ಲಿ ಸ್ಟಾಂಪ್ ಡ್ಯೂಟಿ 63,750 ಪೌಂಡ್. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ನಮ್ಮವರು ಎಡವುವುದು ಮುಂದಿನದರಲ್ಲಿ. ಬೇರೆ ಮನೆ ಇಟ್ಟುಕೊಂಡು ಇನ್ನೊಂದು ತಗೊಂಡರೆ ಪೂರ್ತಿ ಬೆಲೆಗೆ ಶೇಕಡ 5 ಜಾಸ್ತಿ, ಅಂದರೆ ಇನ್ನೂ 60,000. ಇಬ್ಬರು ಸೇರಿ ಕೊಂಡಾಗ ಒಬ್ಬರಿಗೆ ಅನ್ವಯಿಸಿದರೂ ಸಾಕು, ಇಡೀ ಖರೀದಿಗೆ ಬೀಳುತ್ತದೆ. ಬೇರೆ ದೇಶದ ಮನೆಯೂ ಲೆಕ್ಕಕ್ಕೆ ಬರುತ್ತದೆ. ಈಗ ವಾಸವಿರುವ ಮನೆ ಮಾರಿ ಅದರ ಬದಲಿಗೆ ಇದನ್ನು ತಗೊಂಡರೆ ತಪ್ಪುತ್ತದೆ, ಆದರೆ ಅಣ್ಣ ತಮ್ಮ ಇಬ್ಬರೂ ಹಾಗೆ ಮಾಡಬೇಕು. ಊರಿನ ಆಸ್ತಿಯಲ್ಲಿ ಪಾಲು ಇದ್ದರೆ ಸಾಲಿಸಿಟರ್‌ಗೆ, ಅಂದರೆ ಖರೀದಿ ನೋಡಿಕೊಳ್ಳುವ ವಕೀಲರಿಗೆ, ಮೊದಲ ದಿನವೇ ಹೇಳಿ.

ಆಮೇಲೆ ಈ ಲಿಸ್ಟೆಡ್ ಅನ್ನೋ ತಲೆನೋವು. ದುಡ್ಡು ನಿಮ್ಮದು, ಒಂದು ಕಿಟಕಿ ಬದಲಿಸಲು ಅಪ್ಪಣೆ ಸ್ಥಳೀಯ ಕೌನ್ಸಿಲ್‌ದು. ನಾನಂತೂ ಬೇಡ ಅನ್ನುತ್ತೇನೆ. ರೆಡಿಂಗ್‌ನಲ್ಲೇ ಎರಡು ಹೊಸ ಮನೆ ಅಕ್ಕಪಕ್ಕ ತಗೊಳ್ಳಿ.

ಗಾರೆ ಕೆಲಸ:
ನಾನು ಇಲ್ಲಿ ಹಳೇ ಕಟ್ಟಡಗಳ ರಿಪೇರಿಯಲ್ಲೇ ಕೆಲಸ ಮಾಡುವವನು. ಬೇರೆಲ್ಲ ಆಮೇಲೆ, ಆ ಉತ್ತರದ ಗೋಡೆ ಮೊದಲು.

ಆ ಕಾಲದ ಗೋಡೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ನಮ್ಮ ಕಡೆ ಹಳೇ ಮನೆಗಳಲ್ಲಿ ನೋಡಿರುತ್ತೀರಿ. ಮಳೆ ನೀರನ್ನು ಸ್ವಲ್ಪ ಹೀರುತ್ತದೆ, ಬಿಸಿಲು ಗಾಳಿ ಬಂದಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಬೆವರುವ ಮೈಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಸಿಮೆಂಟ್ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಅಲ್ಲಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಅದು ಒಳಮುಖ ಹಿಡಿಯುತ್ತದೆ. ಪೇಂಟ್ ಉಬ್ಬಿದ್ದು ಅದಕ್ಕೇ. ಪೇಂಟ್ ದೊಡ್ಡ ವಿಷಯವಲ್ಲ ಬಿಡಿ. ಮಹಡಿಯ ತೊಲೆಗಳ ತುದಿ ಆ ಗೋಡೆಯೊಳಗೆ ಕೂತಿದ್ದರೆ ಅಲ್ಲಿ ಕೊಳೆತಿರಬಹುದು, ಅದನ್ನು ನೋಡಿಸಬೇಕು. ಲೆವೆಲ್ 3 ಸರ್ವೇ, ಅಂದರೆ ಕಟ್ಟಡದ ಪೂರ್ತಿ ವಿವರವಾದ ತಪಾಸಣೆ, ಮಾಡಿಸಿ. ಹೊಸ ಮನೆಗಳನ್ನೇ ನೋಡುವ ಸರ್ವೇಯರ್ ಬೇಡ. ಅಂಥವರು ಗೋಡೆಗೆ ಮೀಟರ್ ಒತ್ತಿ, ತೇವ ಇದೆ, ಕೆಮಿಕಲ್ ಇಂಜೆಕ್ಷನ್ ಕೊಡಿಸಿ ಅಂತ ಬರೆದುಬಿಡುತ್ತಾರೆ. ಹಳೇ ಕಟ್ಟಡ ಗೊತ್ತಿರುವವರು ಮೊದಲು ಮಳೆನೀರಿನ ಪೈಪ್, ಗಟಾರ, ಹೊರಗಿನ ನೆಲದ ಎತ್ತರ ನೋಡುತ್ತಾರೆ.

ನ್ಯಾಡರ್ ತೀರ:
ನಾವು ಅದೇ ಕಡೆ ಒಂದು ಚಿಕ್ಕ ಲಿಸ್ಟೆಡ್ ಮನೆಯಲ್ಲಿದ್ದೇವೆ. ಗಾರೆ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮಗೆ ಮಾರಿದವರೂ ಸಿಮೆಂಟ್ ಬಳಿಸಿದ್ದರು. ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರ್ ಬಂದು ನೋಡಿದರು. ಒಪ್ಪಿಗೆ ತಗೊಂಡು ಅದನ್ನು ಉದುರಿಸಿ ಸುಣ್ಣ ಹಾಕಿಸಿದೆವು. ಒಳಗಿನ ತೇವ ಒಣಗಲು ಎರಡು ಬೇಸಿಗೆ ಹಿಡಿಯಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಸಾಲ್ಸ್‌ಬರಿ ಕೆಥೆಡ್ರಲ್ ಕಟ್ಟಲು ಶುರುಮಾಡಿದ್ದು 1220ರಲ್ಲಿ. ಕಲ್ಲು ಬಂದದ್ದು ಇದೇ ಕಡೆಯ ಚಿಲ್‌ಮಾರ್ಕ್ ಸುತ್ತಲಿನ ಗಣಿಗಳಿಂದ. ನಮ್ಮ ಹಳ್ಳಿಗಳ ಮನೆಗಳಿಗೂ ಅದೇ ಜಾತಿಯ ತಿಳಿ ಬೂದು ಕಲ್ಲು. 123 ಮೀಟರ್ ಎತ್ತರದ ಗೋಪುರಕ್ಕೂ ನಮ್ಮ ಅಡುಗೆಮನೆ ಗೋಡೆಗೂ ಒಂದೇ ಬಣ್ಣ. ಆ ಕೆಥೆಡ್ರಲ್‌ಗೆ 1986ರಲ್ಲಿ ಹಿಡಿದ ದೊಡ್ಡ ರಿಪೇರಿ ಮುಗಿಯಲು ಮೂವತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು. ಹೀಗಾಗಿ ಕಲ್ಲು ಕೆತ್ತುವವರು, ಸುಣ್ಣದ ಕೆಲಸದವರು ಈ ಕಡೆ ಸಿಗುತ್ತಾರೆ. ಕಾಯಬೇಕು, ಅಷ್ಟೇ.

ಬ್ಯಾಲೆನ್ಸ್ ಶೀಟ್:
ಅಕ್ಕಾ, ಎರಡು ಬೇಸಿಗೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ನನ್ನ ತಕರಾರು ಕಾನೂನಿನ ಬಗ್ಗೆ. ಗ್ರೇಡ್ 2 ಅಂದರೆ ರಕ್ಷಣೆ ಮುಂಭಾಗಕ್ಕೆ ಮಾತ್ರ ಅಂತ ಸುಮಾರು ಜನ ತಿಳಿದಿದ್ದಾರೆ. ಅಲ್ಲ. ಒಳಗಿನ ಮೆಟ್ಟಿಲು, ಬಾಗಿಲು, ಬೆಂಕಿಗೂಡು ಎಲ್ಲ ಸೇರುತ್ತದೆ. ಆವರಣದಲ್ಲಿ 1948ರ ಜುಲೈಗಿಂತ ಹಳೆಯ ಕೊಟ್ಟಿಗೆ, ಕಾಂಪೌಂಡ್ ಗೋಡೆ ಇದ್ದರೆ ಅದೂ ಸೇರಬಹುದು. ಒಪ್ಪಿಗೆ ಇಲ್ಲದೆ ಬದಲಿಸಿದರೆ ಅದು ಅಪರಾಧ. ಲಿಸ್ಟೆಡ್ ಕಟ್ಟಡಗಳ 1990ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, ಮಿತಿ ಇಲ್ಲದ ದಂಡ. ಹಿಂದಿನವರು ಮಾಡಿದ ಕೆಲಸಕ್ಕೆ ನಿಮಗೆ ಜೈಲಾಗುವುದಿಲ್ಲ. ಆದರೆ ಸರಿಮಾಡಿ ಅಂತ ನೋಟಿಸ್ ನಿಮಗೇ ಬರುತ್ತದೆ, ಅದಕ್ಕೆ ಕಾಲಮಿತಿಯೂ ಇಲ್ಲ. ಇದು ಯಾವ ನ್ಯಾಯ?

ಉಡುಪಿ ಚೌಕಿಮನೆ:
ನ್ಯಾಯವೇ ಸರ್. ನಾನು ಊರಲ್ಲೇ ಇರುವವನು, ಇಲ್ಲಿ ಏನಾಯಿತು ಅಂತ ಹೇಳುತ್ತೇನೆ. ನಮ್ಮ ಅಜ್ಜನ ಮನೆ ಮುರಕಲ್ಲಿನ ಚೌಕಿ ಮನೆ. ಪಾಲಾಗುವಾಗ ಯಾರಿಗೂ ಬೇಡವಾಯಿತು. ಒಬ್ಬ ವ್ಯಾಪಾರಿ ಬಂದು ಹಲಸಿನ ಕಂಬ, ಕೆತ್ತನೆಯ ಬಾಗಿಲು, ಮರದ ಮುಚ್ಚಿಗೆ ಎಲ್ಲ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದ. ಒಂದೊಂದಕ್ಕೂ ಬೇರೆ ರೇಟು. ಉಳಿದ ಗೋಡೆ ಆ ಮಳೆಗಾಲದಲ್ಲೇ ಕುಸಿಯಿತು. ಬಿಚ್ಚಬೇಡಿ ಅಂತ ಯಾವ ಕಾನೂನೂ ನಮ್ಮನ್ನು ತಡೆಯಲಿಲ್ಲ. ತಡೆದಿದ್ದರೆ ಮನೆ ಇರುತ್ತಿತ್ತು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇಂಥ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದರು. ಅಷ್ಟಾದರೂ ಉಳಿದವು. ಆದರೆ ಅಲ್ಲಿ ಯಾರೂ ಅಡುಗೆ ಮಾಡುವುದಿಲ್ಲ, ಮಕ್ಕಳು ಓಡುವುದಿಲ್ಲ. ಇಂಗ್ಲೆಂಡಿನಲ್ಲಿ ಮನೆ ಅದೇ ಜಾಗದಲ್ಲಿ, ಒಳಗೆ ಜನ ಇದ್ದೇ ಉಳಿದಿದೆ ಅಂದರೆ ಆ ಕಾನೂನಿನಿಂದಲೇ ಅಲ್ವಾ?

ಹಾಗೇ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ತೀರ್ಥಹಳ್ಳಿಯ ನಿಮ್ಮ ಮನೆ ಏನಾಗಿದೆ? ಅದಕ್ಕೆ ಬೀಗ ಹಾಕಿ ಇಂಗ್ಲೆಂಡಿನದಕ್ಕೆ ಇಷ್ಟು ದುಡ್ಡು ಸುರಿಯುವುದಾದರೆ ನನಗೆ ಸಂಕಟವಾಗುತ್ತದೆ.

ತೀರ್ಥಹಳ್ಳಿ ಟು ರೆಡಿಂಗ್:
ಬೇಜಾರಿಲ್ಲ ಅಣ್ಣ. ಬೀಗ ಹಾಕಿಲ್ಲ. ಚಿಕ್ಕಪ್ಪ ಅಲ್ಲೇ ಇದ್ದಾರೆ. ಹೋದ ವರ್ಷ ನಾವು ಎಲ್ಲರೂ ದುಡ್ಡು ಹಾಕಿ ನಾಡಹೆಂಚು ತೆಗೆಸಿ, ಜಂತಿ ಸರಿಮಾಡಿಸಿ, ಅದೇ ಹೆಂಚು ಮತ್ತೆ ಹೊದಿಸಿದೆವು. ಆ ಕೆಲಸ ನೋಡಿದ್ದಕ್ಕೇ ಈ ಮನೆಯ ಆಸೆ ಬಂದದ್ದು.

ನ್ಯಾಡರ್ ತೀರ:
ಕಾನೂನನ್ನು ನಾನೂ ಒಪ್ಪುತ್ತೇನೆ. ಆದರೆ ತೆರಿಗೆಯನ್ನು ಒಪ್ಪುವುದಿಲ್ಲ. ಬ್ಯಾಲೆನ್ಸ್ ಅವರೇ, ನೀವು ಅಲ್ಲಿ ಕೋಪ ಮಾಡಿಕೊಳ್ಳಬೇಕಿತ್ತು. ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ. ನಾವು ಹಳೇ ಗೋಡೆ ಉಳಿಸಿದರೆ ಶೇಕಡ 20. ಒಪ್ಪಿಗೆ ಪಡೆದ ಬದಲಾವಣೆಗೆ ಮೊದಲು ವಿನಾಯಿತಿ ಇತ್ತು, 2012ರ ಅಕ್ಟೋಬರ್‌ನಿಂದ ಅದನ್ನೂ ತೆಗೆದರು. ಮನೆ ಕಾಪಾಡಿ ಅಂತ ಕಾನೂನು ಹೇಳುತ್ತದೆ, ಕಾಪಾಡಿದವರಿಗೇ ಬಿಲ್ ಜಾಸ್ತಿ.

ಈ ಮನೆಗಳನ್ನು ನಮ್ಮವರು ಕೊಂಡಿದ್ದು ಹೊಸತೂ ಅಲ್ಲ. ಸಾಲ್ಸ್‌ಬರಿ ಪಕ್ಕದ ಬೆಮರ್ಟನ್‌ನಲ್ಲಿ ಕವಿ ಜಾರ್ಜ್ ಹರ್ಬರ್ಟ್ 1630ರಿಂದ 1633ರವರೆಗೆ ಪಾದ್ರಿಯಾಗಿದ್ದರು. ಹಾಳಾಗಿದ್ದ ರೆಕ್ಟರಿಯನ್ನು ಸ್ವಂತ ದುಡ್ಡಿನಲ್ಲಿ ಸರಿಮಾಡಿಸಿದರು. ತಮ್ಮ ನಂತರ ಬರುವ ಪಾದ್ರಿಗೆ ಅಂತ ಒಂದು ಪುಟ್ಟ ಪದ್ಯವನ್ನೂ ಅಲ್ಲಿ ಬರೆಸಿದರು. ನಿನಗೆ ಖರ್ಚಿಲ್ಲದೆ ಮನೆ ಸಿಕ್ಕಿದೆ, ಬಡವರಿಗೆ ಒಳ್ಳೆಯದು ಮಾಡು ಅಂತ ಅದರ ಸಾರ. ಆ ಮನೆಯನ್ನು 1996ರಲ್ಲಿ ಕೊಂಡು ರಿಪೇರಿ ಮಾಡಿಸಿದವರು ನಮ್ಮ ದೇಶದ ಕಾದಂಬರಿಕಾರ ವಿಕ್ರಮ್ ಸೇಠ್.

ನೈಟ್ ಡ್ಯೂಟಿ:
ನಾನು ಸಾಲ್ಸ್‌ಬರಿಯಲ್ಲಿ ನರ್ಸ್. ಊರು ಚೆಂದ, ಲಂಡನ್ ವಾಟರ್ಲೂಗೆ ಟ್ರೇನ್‌ನಲ್ಲಿ ಒಂದೂವರೆ ಗಂಟೆ. ಹಳ್ಳಿಯ ಮಾತು ಬೇರೆ. ಸಂಜೆಯಾದರೆ ಬಸ್ ಸಿಗುವುದು ಕಷ್ಟ. ಕಾರು ಓಡಿಸದ ಅಪ್ಪ ಅಮ್ಮ ಆರು ಬೆಡ್‌ರೂಮ್ ಮನೆಯಲ್ಲಿ ಡಿಸೆಂಬರ್ ಕಳೆಯುವುದು ಹೇಗೆ ಅಂತ ಯೋಚನೆ ಮಾಡಿ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಗ್ಯಾಸ್ ಲೈನ್ ಇಲ್ಲದಿದ್ದರೆ ಹೀಟಿಂಗ್‌ಗೆ ಎಣ್ಣೆ ತರಿಸಬೇಕು.

ನೀರಿನ ವಿಷಯವನ್ನೂ ಕೇಳಿ. ಸಾಲ್ಸ್‌ಬರಿ ಐದು ಹೊಳೆ ಸೇರುವ ಜಾಗ. ಸುತ್ತಮುತ್ತ ಬಹಳ ಕಡೆ ಸೀಮೆಸುಣ್ಣದ ನೆಲ. ಮಳೆ ನಿಂತು ವಾರಗಳಾದ ಮೇಲೂ ನೆಲದಡಿಯಿಂದ ನೀರು ಮೇಲೇಳಬಹುದು. 2014ರ ಚಳಿಗಾಲದಲ್ಲಿ ದಕ್ಷಿಣ ಇಂಗ್ಲೆಂಡಿನ ಎಷ್ಟೋ ಮನೆಗಳಿಗೆ ಹಾಗೇ ಆಯಿತು. ಹೊಳೆಯಿಂದ ಮನೆ ಎಷ್ಟು ದೂರ ಅಂತ ಅಳೆದರೆ ಸಾಲದು, ನೆಲಮಾಳಿಗೆಗೆ ಇಳಿದು ಗೋಡೆಯ ಬುಡ ನೋಡಿ.

ಗಾರೆ ಕೆಲಸ:
ಅಕ್ಕ ಹೇಳಿದ್ದು ಮುಖ್ಯ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದರ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ, ನೇರವಾಗಿ ಹೊಳೆಗೆ ಬಿಡುವಂತಿಲ್ಲ. ಅಟ್ಟದಲ್ಲಿ ಬಾವಲಿ ಇದ್ದರೆ ಸೂರಿನ ಕೆಲಸ ನಿಮಗೆ ಬೇಕಾದ ತಿಂಗಳಲ್ಲಿ ಆಗುವುದಿಲ್ಲ, ಅವಕ್ಕೂ ಕಾನೂನಿನ ರಕ್ಷಣೆ ಇದೆ.

ರೆಕ್ಟರಿ ಅಂದಮೇಲೆ ಇನ್ನೊಂದಿದೆ. ಚರ್ಚಿಗೆ ಸೇರಿದ್ದ ಕೆಲವು ಜಮೀನುಗಳ ಮೇಲೆ ಹಳೇ ಋಣವೊಂದು ಇರುತ್ತದೆ. ಜಮೀನು ಯಾರ ಕೈಗೆ ಬಂತೋ ಅವರು ಚರ್ಚಿನ ಗರ್ಭಗುಡಿಯ ಭಾಗದ ರಿಪೇರಿ ಖರ್ಚು ಕೊಡಬೇಕು. ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋದಲ್ಲಿ ಒಂದು ದಂಪತಿ ಇದರ ವಿರುದ್ಧ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ 2003ರಲ್ಲಿ ಸೋತರು. ಕೊನೆಗೆ ಆ ಫಾರ್ಮನ್ನೇ ಮಾರಬೇಕಾಯಿತು. 2013ರ ಅಕ್ಟೋಬರ್ ನಂತರ ನಿಯಮ ಬಿಗಿಯಾಗಿದೆ. ಆ ಮೇಲೆ ದುಡ್ಡು ಕೊಟ್ಟು ಕೊಂಡವರ ಮೇಲೆ ಈ ಹೊರೆ ಬರಬೇಕಾದರೆ ಸಾಮಾನ್ಯವಾಗಿ ಅದು ಮೊದಲೇ ನೋಂದಣಿ ಆಗಿರಬೇಕು. ಸಾಲಿಸಿಟರ್‌ಗೆ ಹೇಳಿ ಹುಡುಕಿಸಿ, ಖರ್ಚು ಕಡಿಮೆ.

ತೀರ್ಥಹಳ್ಳಿ ಟು ರೆಡಿಂಗ್:
ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಣ್ಣನ ಜೊತೆ ಮಾತಾಡಿದೆ. ನಮ್ಮ ಎರಡೂ ಮನೆ ಮಾರುವುದು ಗಟ್ಟಿಯಾಗುವವರೆಗೆ ಆಫರ್ ಹಾಕುವುದಿಲ್ಲ. ಅಷ್ಟರಲ್ಲಿ ಬೇರೆಯವರು ತಗೊಂಡರೆ ತಗೊಳ್ಳಲಿ. ಸಿಮೆಂಟಿಗೆ ಒಪ್ಪಿಗೆ ಪಡೆದಿದ್ದರಾ ಅಂತ ಏಜೆಂಟ್‌ಗೆ ಬರೆದು ಕೇಳಿದ್ದೇನೆ. ಗಾರೆ ಸರ್, ತೊಲೆ ತುದಿ ಕೊಳೆತಿದ್ದರೆ ಬೆಲೆ ಇಳಿಸಿ ಅಂತ ಕೇಳಬಹುದಾ?

ಗಾರೆ ಕೆಲಸ:
ಖಂಡಿತ ಕೇಳಿ. ಸುಮ್ನೆ ಬಾಯಿಮಾತಲ್ಲಿ ಬೇಡ. ಸರ್ವೇ ರಿಪೋರ್ಟ್ ಜೊತೆಗೆ ಸುಣ್ಣದ ಕೆಲಸದವರಿಂದ ಅಂದಾಜು ಪಟ್ಟಿ ತಗೊಂಡು, ಎರಡನ್ನೂ ಮುಂದಿಟ್ಟು ಕೇಳಿ.

ಬ್ಯಾಲೆನ್ಸ್ ಶೀಟ್:
ವ್ಯಾಟ್ ಸೇರಿಸಿದ ಅಂದಾಜು ತಗೊಳ್ಳಿ, ಕೆಲವರು ವ್ಯಾಟ್ ಸೇರಿಸದೆ ಕೊಡುತ್ತಾರೆ. ರಿಪೋರ್ಟ್ ಬಂದ ಮೇಲೆ ಅಂಕಿಅಂಶ ಇಲ್ಲಿ ಹಾಕಿ, ನಾನೂ ಕೂತು ಲೆಕ್ಕ ಮಾಡಿಕೊಡುತ್ತೇನೆ. ನನ್ನ ಅಭಿಪ್ರಾಯ ಮಾತ್ರ ಇವತ್ತಿಗೂ ಬೇಡ ಅಂತಲೇ.