ಸಹಾಯ ಬೇಕು: ಜಡಿಮಳೆಯಲ್ಲಿ ಮೀನುಗೂಬೆ ಫೋಟೋ

ಎಲ್ಲರಿಗೂ ನಮಸ್ಕಾರ. ಆಗುಂಬೆ ಕಡೆ ನಮ್ಮ ತೋಟದ ಕೆಳಗಿನ ಹಳ್ಳಕ್ಕೆ ಒಂದು ಮೀನುಗೂಬೆ ಬರುತ್ತಿದೆ. ಸಂಜೆ ಆರೂವರೆಗೆ ಬಾಗಿದ ಕೊಂಬೆ ಮೇಲೆ ಕೂತು ನೀರನ್ನೇ ನೋಡುತ್ತಿರುತ್ತದೆ. ನಿನ್ನೆ ಏಡಿ ಹಿಡಿದು ತಿಂದಿತು. ಮೈಯೆಲ್ಲ ತೊಪ್ಪೆ, ಕಿವಿಯಂಥ ಗರಿಗಳು ಜೋತುಬಿದ್ದಿದ್ದವು, ಹಳದಿ ಕಣ್ಣು ಮಾತ್ರ ಹೊಳೆಯುತ್ತಿತ್ತು. ನನ್ನ ಫೋಟೋದಲ್ಲಿ? ಬರೀ ಕಂದು ಮುದ್ದೆ.

ನನ್ನದು 150-600 ಎಂಎಂ ಜೂಮ್ ಲೆನ್ಸ್. 600ರಲ್ಲಿ ಅಪರ್ಚರ್ (ಬೆಳಕು ಬಿಡುವ ಕಿಂಡಿ) 6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 6400 ಇಟ್ಟರೂ ಶಟರ್ ವೇಗ ಸೆಕೆಂಡಿನ 1/30 ದಾಟುವುದಿಲ್ಲ. ಟ್ರೈಪಾಡ್ ಇದೆ, ಆದರೆ ಗೂಬೆ ಕತ್ತು ತಿರುಗಿಸಿದರೆ ಮುಗೀತು, ಫೋಟೋ ಮಸುಕು. ಐಎಸ್ಒ ಇನ್ನೂ ಏರಿಸಿ ಆಮೇಲೆ ನಾಯ್ಸ್ (ಫೋಟೋದಲ್ಲಿ ಕಾಣುವ ಕಾಳುಕಾಳು) ತೆಗೆಯಲಾ, ಇಲ್ಲಾ ಅದು ಅಲ್ಲಾಡದೆ ಕೂತಾಗ ಒಟ್ಟಿಗೆ ಇಪ್ಪತ್ತು ಫೋಟೋ ಹೊಡೆಯಲಾ? ಫೋಕಸ್ ಬೇರೆ ಗೂಬೆ ಬಿಟ್ಟು ಮಳೆಹನಿ ಹಿಂದೆ ಓಡುತ್ತದೆ. ಕೈಯಲ್ಲೇ ತಿರುಗಿಸುವ ಮ್ಯಾನುವಲ್ ಫೋಕಸ್ಸೇ ವಾಸಿ ಅಲ್ವಾ?

ಕ್ಯಾಮೆರಾಕ್ಕೆ ಸದ್ಯ ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯೇ ರೈನ್‌ಕೋಟ್. (ಅಪ್ಪ ಬೈದಾಯ್ತು.) ಒಳಗೆ ಆವಿ ಕಟ್ಟುತ್ತದೆ, ಲೆನ್ಸಿಗೆ ಫಂಗಸ್ ಬಂದೀತು ಅಂತ ಭಯ. ಮಲೆನಾಡಿನವರು ಮಳೆಗಾಲದಲ್ಲಿ ಲೆನ್ಸ್ ಹೇಗೆ ಒಣಗಿಸಿ ಇಡುತ್ತೀರಿ?

ಫ್ಲ್ಯಾಶ್ ಹೊಡಿ, ಟಾರ್ಚ್ ಬಿಡು, ಮೊಬೈಲಲ್ಲಿ ಕೂಗು ಹಾಕಿ ಕರಿ ಅನ್ನುವ ಸಲಹೆ ಮಾತ್ರ ಬೇಡ. ಅದರ ಊಟ ಕೆಡಿಸಿ ಫೋಟೋ ತೆಗೆಯುವುದು ನನಗಿಷ್ಟವಿಲ್ಲ.